ಕುರ್ಚಿ ಬಿಡದ ಉಷಾರಾಣಿ

ಉಷಾರಾಣಿಯ ದನಿ ಗೊತ್ತಿದ್ದಷ್ಟು ಜನಕ್ಕೆ ಅವಳ ಮುಖ ಗೊತ್ತಿರಲಿಲ್ಲ. ರಾಯದುರ್ಗದಿಂದ ಗುಮ್ಮಗಟ್ಟದ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ, ಗುಡ್ಡದ ಸಾಲಿನ ಮೇಲೆ ಒಂದು ಖಾಸಗಿ ಕಂಪನಿಯ ಗಾಳಿಯಂತ್ರಗಳಿದ್ದವು. ಸುತ್ತಿನ ಹಳ್ಳಿಯವರು ಅವನ್ನು ಫ್ಯಾನು ಎನ್ನುತ್ತಿದ್ದರು. ಒಟ್ಟು ನಲವತ್ತೆರಡು. ಗುಡ್ಡದ ಬುಡದಲ್ಲಿ ತಗಡಿನ ಮಾಡಿನ ಒಂದು ಕೋಣೆ. ಅದರೊಳಗೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ವೈರ್‌ಲೆಸ್ ಸೆಟ್ಟು, ಒಂದು ಕುರ್ಚಿ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಆ ಕುರ್ಚಿ ಅವಳದು. ರಿಪೇರಿಗೆ ಬಂದ ಟೆಕ್ನಿಷಿಯನ್ "ಕಂಟ್ರೋಲ್, ಹದಿನೇಳು ಹತ್ತಾಕತ್ತೀನಿ" ಎಂದರೆ, "ಕೇಳಿಸ್ತು, ಹತ್ರಿ" ಎಂದು ಹೇಳಿ ಪುಸ್ತಕದಲ್ಲಿ ಸಮಯ ಬರೆಯಬೇಕು. ಅವನು ಇಳಿದೆ ಎಂದಾಗ ಇನ್ನೊಂದು ಸಲ ಬರೆಯಬೇಕು. ನಡುವೆ ಅವನು ಏನು ಕೂಗಿದರೂ ಓಗೊಡಬೇಕು. ಕೆಲಸ ಅಂದರೆ ಅಷ್ಟೇ. ಕಂಬದ ಮೇಲೆ ಮನುಷ್ಯ ಇರುವ ತನಕ ಕುರ್ಚಿ ಬಿಡುವ ಹಾಗಿಲ್ಲ, ಮತ್ತು ಕಂಬದ ಮೇಲೆ ಯಾವಾಗಲೂ ಯಾರಾದರೂ ಒಬ್ಬ ಇರುತ್ತಿದ್ದ.

ಮೊದಮೊದಲು ಅವಳು ಇದನ್ನು ಅಷ್ಟು ಬಿಗಿಯಾಗಿ ಹಿಡಿದವಳಲ್ಲ. ಊಟಕ್ಕೆ ಹೊರಗೆ ಹೋಗುತ್ತಿದ್ದಳು, ಗೇಟಿನ ವಾಚ್‌ಮನ್ ಜೊತೆ ನಾಲ್ಕು ಮಾತಾಡುತ್ತಿದ್ದಳು. ಆರು ವರ್ಷದ ಹಿಂದೆ ಒಂದು ಮೇ ತಿಂಗಳ ಮಧ್ಯಾಹ್ನ ಕೋಣೆಯ ನೀರಿನ ಕ್ಯಾನು ಖಾಲಿಯಾಗಿತ್ತು. ಬಾಟಲಿ ತುಂಬಿಕೊಂಡು ಬರಲು ಅಂಗಳದ ಆ ತುದಿಯ ನಲ್ಲಿಗೆ ಹೋದಳು. ಹೋಗಿ ಬರಲು ಎಂಟು ನಿಮಿಷ. ಅಷ್ಟರಲ್ಲಿ ಹದಿನೇಳನೇ ಫ್ಯಾನಿನ ತಲೆಯ ಮೇಲಿದ್ದ ಕಣೇಕಲ್ಲಿನ ಆಂಜನೇಯ ಬಿಸಿಲಿಗೆ ತಲೆಸುತ್ತಿ ಅಲ್ಲೇ ಮೇಲೆ ಕುಸಿದುಬಿದ್ದಿದ್ದ. ಬೀಳುವ ಮುಂಚೆ ಮೂರು ಸಲ ಕೂಗಿದ್ದ. ಬೇರೆ ಕಂಬದ ಮೇಲಿದ್ದವನಿಗೆ ಆ ಕೂಗು ಕೇಳಿಸಿತ್ತು, ಕಂಟ್ರೋಲ್‌ನವರು ನೋಡಿಕೊಳ್ಳುತ್ತಾರೆ ಎಂದು ಅವನು ಸುಮ್ಮನಾದ. ಉಷಾರಾಣಿ ಬಾಟಲಿ ಹಿಡಿದು ವಾಪಸು ಬಂದು ಕೂತಾಗ ಸೆಟ್ಟು ತಣ್ಣಗಿತ್ತು. ನಲವತ್ತು ನಿಮಿಷ ಕಳೆದ ಮೇಲೆ ಯಾರೋ ಹತ್ತಿ ನೋಡಿದರು. ಆಂಜನೇಯ ಬದುಕಿಕೊಂಡ. ಆದರೆ ಮತ್ತೆ ಕಂಬ ಹತ್ತಲಿಲ್ಲ. ಕಣೇಕಲ್ಲಿಗೆ ಹಿಂದಿರುಗಿ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ಅಣ್ಣನ ಜೊತೆ ಸೇರಿಕೊಂಡ. ವಿಚಾರಣೆಯಲ್ಲಿ ಯಾರ ತಪ್ಪೂ ಇಲ್ಲ ಎಂದು ಬರೆದರು. ಆಂಜನೇಯನೂ ಅವಳನ್ನು ದೂರಲಿಲ್ಲ.

ಅಂದಿನಿಂದ ಉಷಾರಾಣಿ ಕುರ್ಚಿ ಬಿಡುವುದನ್ನೇ ಬಿಟ್ಟಳು. ಊಟ ಮೇಜಿನ ಮೇಲೆ. ಹೊರಗೆ ಹೋಗಬೇಕಾದೀತು ಎಂದು ನೀರು ಕುಡಿಯುವುದು ಕಡಿಮೆ. ತಡೆಯಲಾರದೆ ಹೋದರೂ ಸೊಂಟದಲ್ಲಿ ಕೈಸೆಟ್ಟು ಸಿಕ್ಕಿಸಿಕೊಂಡೇ ಹೋಗುವುದು. ಮನೆಗೆ ಬಂದರೂ ಕಿವಿ ಮಾತ್ರ ಡ್ಯೂಟಿಯಲ್ಲೇ ಇರುತ್ತಿತ್ತು. ಗಂಡ ಉಚ್ಚಂಗೆಪ್ಪ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಬಚ್ಚಲಿನಿಂದ "ಟವಲು ಕೊಡು" ಎಂದರೆ ಇವಳು ಅಡುಗೆಮನೆಯಿಂದ "ಕೇಳಿಸ್ತು" ಎನ್ನುತ್ತಿದ್ದಳು.

"ಕೇಳಿಸ್ತು ಅಂತ ಹೇಳಬ್ಯಾಡ, ಟವಲು ಕೊಡು" ಎನ್ನುತ್ತಿದ್ದ ಉಚ್ಚಂಗೆಪ್ಪ. ಒಂದು ದಿನ ನಗು ಬಿಟ್ಟು ಹೇಳಿದ: "ಉಷಾ, ನೀನು ಆ ಕೋಣೆಯಿಂದ ಹೊರಗ ಬಂದು ಭಾಳ ದಿನ ಆತು. ಯಾವಾಗ ಬರ್ತಿ?"

ಆಗಷ್ಟೇ ಅವಳು ಮನೆಗೆ ಬಂದಿದ್ದಳು.

ಕಂಪನಿಯಲ್ಲಿ ವೆಂಕಟೇಶ್ ಎಂಬ ಟೆಕ್ನಿಷಿಯನ್ ಇದ್ದ. ಅವನ ಹತ್ತಿರ ಅಪ್ಪನ ಕಾಲದ ಒಂದು ಜೀಪು ಇತ್ತು. ಹಳೇ ಜೀಪು ಇಟ್ಟುಕೊಂಡು ಅದಕ್ಕೆ ಬಣ್ಣ ಬಳಿದು ಗುಡ್ಡಬೆಟ್ಟ ಹತ್ತಿಸುವ ಹುಚ್ಚಿನವರದೊಂದು ಗುಂಪು ಮಡಕಶಿರಾದಲ್ಲಿತ್ತು, ವೆಂಕಟೇಶ್ ಅದರ ಸದಸ್ಯ. ಗುಂಪಿನ ಮುಂದಾಳು ಗೋವರ್ಧನ್, ರೇಷ್ಮೆಗೂಡಿನ ವ್ಯಾಪಾರಿ. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರುತ್ತಿದ್ದರು. ಹಿಂದಿನ ವರ್ಷ ಅದೇ ಸೀಮೆಯ ರತ್ನಗಿರಿಯಲ್ಲಿ ಸೇರಿದಾಗ ಕೋಟೆ ಗುಡ್ಡದ ಹಿಂದೆ ಒಂದು ಜೀಪು ಹಳ್ಳಕ್ಕೆ ಮಗುಚಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕಾಲು ಮುರಿದ ಮನುಷ್ಯ ಎರಡು ಗಂಟೆ ಹೊತ್ತು ಕಲ್ಲಿಗೊರಗಿ ಕೂತಿದ್ದನಂತೆ, ಮುಂದೆ ಹೋದವರು ಅವನು ಹಿಂದೆ ಬರುತ್ತಿದ್ದಾನೆಂದೂ ಹಿಂದಿನವರು ಅವನು ಮುಂದೆ ಹೋದನೆಂದೂ ತಿಳಿದುಕೊಂಡಿದ್ದರಂತೆ. ಈ ವರ್ಷವೂ ಅಲ್ಲೇ ಸೇರುವುದು, ಆದರೆ ವಾಕಿಟಾಕಿ ಬೇಕು ಎಂದಾಯಿತು. ಅದನ್ನು ಯಾರು ಎಲ್ಲಿ ಹಿಡಿಯಬೇಕು, ಯಾರು ಯಾರಿಗೆ ಹೇಳಬೇಕು ಎಂಬುದು ಒಬ್ಬರಿಗೂ ತಿಳಿಯದು. ವೆಂಕಟೇಶ್ "ನಮ್ಮ ಕಂಟ್ರೋಲ್ ಅಕ್ಕ ಅದಾರ" ಎಂದ.

ಗೋವರ್ಧನ್ ಫೋನ್ ಮಾಡಿದ. "ಅಕ್ಕ, ನಿಮ್ಮ ಕಂಪನಿ ಸೆಟ್ಟೇ ಒಂದು ಇಪ್ಪತ್ತು ಸಿಕ್ಕಿದ್ರೆ ಕೆಲಸ ಆಗೋಗ್ತದೆ."

"ಅದು ಆಗಲ್ರಿ. ಆ ಚಾನಲ್ಲು ಕಂಪನಿ ಲೈಸೆನ್ಸಿಂದು, ನಮ್ಮ ಗುಡ್ಡಕ್ಕಷ್ಟೇ. ಲೈಸೆನ್ಸ್ ಬೇಡದ ಸಣ್ಣ ಸೆಟ್ಟು ಬಾಡಿಗಿಗೆ ಸಿಗ್ತಾವ, ಅವನ್ನ ತರಿಸ್ರಿ. ಅರ್ಧ ವ್ಯಾಟಿನವು. ಗುಡ್ಡ ಅಡ್ಡ ಬಂದ್ರ ಅವು ಮಾತಾಡಲ್ಲ."

"ಹಂಗಾದ್ರೆ ತಂದೇನು ಪ್ರಯೋಜನ?"

"ಈ ಕಡೆ ಮಾತು ಆ ಕಡೆ ದಾಟಸಾಕ ಗುಡ್ಡದ ಮ್ಯಾಲೆ ಮಂದಿ ಇಡಬೇಕ್ರಿ. ನಾನು ಜಾಗ ನೋಡಬೇಕು."

ಜಾಗ ನೋಡಬೇಕು ಎಂಬ ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆರು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದು. ರಾತ್ರಿ ಪಾಳಿಯವನು ಹಗಲೂ ಕೂರಲು ಒಪ್ಪಿದ. ಒಂದು ಭಾನುವಾರ ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತಾ ಮಡಕಶಿರಾ ತಲುಪಿ, ಅಲ್ಲಿಂದ ಗೋವರ್ಧನನ ಜೀಪಿನಲ್ಲಿ ರತ್ನಗಿರಿಗೆ ಹೋದಳು. ದಾರಿಯುದ್ದಕ್ಕೂ ಅವಳ ಕೈ ಸೊಂಟ ಮುಟ್ಟಿ ನೋಡುತ್ತಿತ್ತು. ಅಲ್ಲಿ ಸೆಟ್ಟಿರಲಿಲ್ಲ.

ರತ್ನಗಿರಿಯಲ್ಲಿ ಕದಿರಪ್ಪ ಎಂಬ ಆಡು ಸಾಕುವ ಮುದುಕ ಅವಳಿಗೆ ದಾರಿ ತೋರಿಸಿದ. ಉಷಾರಾಣಿ ಕೈಯಲ್ಲೊಂದು ಸೆಟ್ಟು ಹಿಡಿದು, ಇನ್ನೊಂದನ್ನು ಊರ ಹೊರಗಿನ ಬಯಲಲ್ಲಿ ಗೋವರ್ಧನನ ಹೆಂಡತಿ ರಮ್ಯಳಿಗೆ ಕೊಟ್ಟು, ಗುಡ್ಡ ಸುತ್ತಿದಳು. ನೂರು ಹೆಜ್ಜೆಗೊಮ್ಮೆ ನಿಂತು "ಒಂದು, ಎರಡು, ಮೂರು, ಕೇಳಿಸ್ತಾ?" ಎನ್ನುವುದು. ಕೇಳಿಸಿದ ಕಡೆ ಕಾಗದದ ಮೇಲೆ ಚುಕ್ಕಿ, ಕೇಳಿಸದ ಕಡೆ ಗೀಟು. ಗುಡ್ಡದ ಹಿಂದೆ ಹೋಗುತ್ತಿದ್ದಂತೆ ಬರೀ ಗೀಟುಗಳೇ ಬಂದವು. ಜೀಪುಗಳು ಹೆಚ್ಚು ಹೊತ್ತು ಓಡಾಡುವುದು ಅಲ್ಲೇ.

"ಯಾರೂ ಕೇಳದ ಜಾಗ ಎಲ್ಲೈತೆ ಅಂತ ಹುಡುಕ್ಕೊಂಡು ಬಂದಿರೋಳು ನೀನೊಬ್ಳೇ ಕಣಮ್ಮ" ಎಂದ ಕದಿರಪ್ಪ.

ಅವನೇ ಅವಳನ್ನು ಕೋಟೆಯ ಮೇಲಕ್ಕೆ ಕರೆದೊಯ್ದ. ಮೇಲೆ ನಿಂತರೆ ಮುಂದಿನ ಬಯಲೂ ಕಾಣುತ್ತಿತ್ತು, ಹಿಂದಿನ ಹಳ್ಳವೂ ಕಾಣುತ್ತಿತ್ತು. ಅಲ್ಲಿಂದ ಕೂಗಿದರೆ ಎರಡೂ ಕಡೆಗೆ ಕೇಳಿಸುತ್ತದೆ. ಇಲ್ಲಿ ಇಬ್ಬರು ಕೂರಬೇಕು, ಒಬ್ಬರಲ್ಲ, ಎಂದು ಅವಳು ಬರೆದುಕೊಂಡಳು. ಉತ್ತರದ ಬಂಡೆಯ ಕೆಳಗೆ ಹೆಜ್ಜೇನಿನ ಹುಟ್ಟುಗಳು ಮೊರದಗಲ ನೇತಾಡುತ್ತಿದ್ದವು. ಕದಿರಪ್ಪ ಅವನ್ನು ತೋರಿಸಿ, "ಅವುಕ್ಕೆ ಗಲಾಟೆ ಆಗಾಕಿಲ್ಲ. ಸುಮ್ಕಿದ್ರೆ ಅವೂ ಸುಮ್ಕಿರ್ತವೆ" ಎಂದ. ಅದನ್ನೂ ಬರೆದುಕೊಂಡಳು.

ಎರಡು ವಾರ ಡ್ಯೂಟಿಯ ನಡುವೆಯೇ ಅವಳು ಯೋಜನೆ ತಯಾರಿಸಿದಳು. ಹದಿನೆಂಟು ಜೀಪು, ನಾಲ್ಕು ತಂಡ, ತಂಡಕ್ಕೊಬ್ಬ ಮುಖ್ಯಸ್ಥ. ಬಯಲಿನ ಶಾಮಿಯಾನದಲ್ಲಿ ತಾನು. ಕೋಟೆಯ ಮೇಲೆ ಇಬ್ಬರು. ಅರ್ಧ ಗಂಟೆಗೊಮ್ಮೆ ಹಾಜರಿ. ಕರೆದಾಗ ಓಗೊಡದ ತಂಡವನ್ನು ಐದು ನಿಮಿಷ ಬಿಟ್ಟು ಮತ್ತೆ ಕರೆಯುವುದು, ಆಗಲೂ ಇಲ್ಲವಾದರೆ ಹತ್ತಿರದ ತಂಡ ಹುಡುಕಿಕೊಂಡು ಹೋಗುವುದು. ಕೋಟೆಯವರ ಸೆಟ್ಟು ಕೆಟ್ಟರೆ ಕೆರೆ ಏರಿಯ ತಿರುವಿನಲ್ಲಿ ಒಂದು ಜೀಪು ನಿಲ್ಲಬೇಕು, ಅಲ್ಲಿಗೆ ಎರಡೂ ಕಡೆಯ ದನಿ ಒಂದಿಷ್ಟು ಬರುತ್ತದೆ. ಕಾಗದದ ಕೊನೆಯ, ಒಂಬತ್ತನೇ ಸಾಲು: ಉತ್ತರದ ಬಂಡೆಯ ಹತ್ತಿರ ಯಾರೂ ಡ್ರೋನ್ ಹಾರಿಸಬಾರದು, ಜೇನಿದೆ.

ಈ ಕಾಗದ ಬರೆಯುವಾಗ ಅವಳ ಕಿವಿಗೆ ಬಿದ್ದದ್ದೆಲ್ಲ ಹದಿನೇಳನೇ ಫ್ಯಾನಿನ ಕೂಗೇ. ಓಗೊಡದ ತಂಡ ಎಂದು ಬರೆಯುವಾಗ ಪೆನ್ನು ನಿಂತುಬಿಟ್ಟಿತು. ಎಷ್ಟು ಸಲ ಬರೆದರೂ ಎಲ್ಲೋ ಒಂದು ಎಂಟು ನಿಮಿಷ ಉಳಿದುಹೋಗಿದೆ ಎನಿಸಿ ಕಾಗದವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಳು.

ಡಿಸೆಂಬರಿನ ಎರಡನೇ ಶನಿವಾರ ಬೆಳಿಗ್ಗೆ ರತ್ನಗಿರಿಯ ಬಯಲಲ್ಲಿ ಜೀಪುಗಳು ಸಾಲಾಗಿ ನಿಂತಿದ್ದವು. ಹಸಿರು, ಕೆಂಪು, ಮಣ್ಣಿನ ಬಣ್ಣ. ಬಿಸಿಬಿಸಿ ಇಡ್ಲಿ, ಕಡ್ಲೆಕಾಯಿ ಚಟ್ನಿ ಹಂಚುತ್ತಿದ್ದರು. ಉಷಾರಾಣಿ ಎಲ್ಲರಿಗೂ ಕಾಗದ ಕೊಟ್ಟು ಓದಿ ಹೇಳಿದಳು. ಅರ್ಧ ಜನ ಫೋನಿನಲ್ಲಿ ಫೋಟೋ ನೋಡುತ್ತಿದ್ದರು. ಕೋಟೆ ಮೇಲೆ ಕೂರಬೇಕಿದ್ದ ಇಬ್ಬರ ಹೆಸರು ಕೂಗಿದಾಗ ಒಬ್ಬ ತಲೆ ಕೆರೆದುಕೊಂಡ. "ಮೇಡಂ, ಹಿಂದೂಪುರದಿಂದ ಜೀಪ್ ತಂದಿರೋದು ಕಲ್ಲ ಮೇಲೆ ಕೂರೋಕಾ?" ಎಂದ. ಇನ್ನೊಬ್ಬ ಆಗಲೇ ತನ್ನ ಜೀಪು ಏರಿ ಕೂತಿದ್ದ.

ಗೋವರ್ಧನ್ ಕೈ ಮುಗಿದ. "ಅಕ್ಕ, ಇದೊಂದು ಸಲ ಅದನ್ನ ಬಿಟ್ಟುಬಿಡಾಣ. ಏನೂ ಆಗಲ್ಲ."

ಏನೂ ಆಗಲ್ಲ ಎಂಬ ಮಾತನ್ನು ಅವಳು ಕೇಳಿಸಿಕೊಳ್ಳಲಾರದವಳಾಗಿದ್ದಳು. ಶಾಮಿಯಾನದ ಸೆಟ್ಟನ್ನು ರಮ್ಯಳ ಕೈಗಿಟ್ಟಳು. ರಮ್ಯ ಎರಡು ವಾರದ ಹಿಂದೆ ಗೀಟು ಚುಕ್ಕಿ ಎಣಿಸುವಾಗಲೇ ಎಲ್ಲ ಕಲಿತಿದ್ದಳು. "ಮೇಲೆ ನಾನೇ ಹೋಗ್ತೀನಿ" ಎಂದು ಹೇಳಿ, ಒಂದು ನೀಲಿ ತಾಡಪಾಲು, ನೀರಿನ ಬಾಟಲಿ, ಇನ್ನೊಂದು ಸೆಟ್ಟು, ಜೊತೆಗೆ ಬದಲಿ ಬ್ಯಾಟರಿ ಇದ್ದ ಚೀಲ ಹೊತ್ತು ಕದಿರಪ್ಪನ ಹಿಂದೆ ಮೆಟ್ಟಿಲು ಹತ್ತಿದಳು. ಕದಿರಪ್ಪ ಅವಳನ್ನು ಬುರುಜಿನ ನೆರಳಲ್ಲಿ ಕೂರಿಸಿ, ಆಡು ಬಿಟ್ಟುಬರಬೇಕೆಂದು ಕೆಳಗಿಳಿದ.

ಹತ್ತೂವರೆಯ ಹಾಜರಿ ಚೆನ್ನಾಗಿ ಆಯಿತು. ಹನ್ನೊಂದರದೂ ಆಯಿತು. ಹಿಂದಿನ ಹಳ್ಳದಲ್ಲಿ ಜೀಪುಗಳು ಇರುವೆಯಂತೆ ಹತ್ತಿ ಇಳಿಯುವುದು ಅವಳಿಗೆ ಕಾಣುತ್ತಿತ್ತು. ಎಂಥ ಬಿಸಿಲಲ್ಲೂ ಮೇಲೆ ತಂಪು ಗಾಳಿ. ಹನ್ನೊಂದು ಇಪ್ಪತ್ತಕ್ಕೆ ಕಿವಿಗೆ ಬೇರೆ ತರಹದ ಒಂದು ಸದ್ದು ಬಿತ್ತು. ಗುಡ್ಡದ ಆ ಮಗ್ಗುಲಿಂದ ಒಂದು ಪುಟ್ಟ ಡ್ರೋನು ಮೇಲೆದ್ದು, ಉತ್ತರದ ಬಂಡೆಯ ಕಡೆಗೆ ವಾಲಿಕೊಂಡು ಹೋಯಿತು.

ಅವಳು ಸೆಟ್ಟು ಒತ್ತಿ, "ಡ್ರೋನು ಇಳಸ್ರಿ. ಯಾರದಾದ್ರೂ ಸರಿ, ಇಳಸ್ರಿ" ಎನ್ನುವಷ್ಟರಲ್ಲಿ ಬಂಡೆಯ ಕೆಳಗಿಂದ ಕಪ್ಪು ಹೊಗೆಯಂಥದ್ದು ಏಳುತ್ತಿತ್ತು.

ಮೊದಲನೆಯದು ಕತ್ತಿಗೆ ಕುಟುಕಿತು. ಎರಡನೆಯದು ಕೈಗೆ. ಅವಳು ತಾಡಪಾಲು ತಲೆಗೆ ಎಳೆದುಕೊಂಡು ಓಡಿದಳು. ಹತ್ತಿಪ್ಪತ್ತು ಮಾರು ದೂರದಲ್ಲಿ ಒಂದು ಕಲ್ಲಿನ ಕೋಣೆ ಇತ್ತು. ಕಣಜವೋ ಮದ್ದಿನ ಮನೆಯೋ, ಯಾರಿಗೂ ನೆನಪಿಲ್ಲ. ಬಾಗಿಲಿಲ್ಲದ ಗಿಡ್ಡ ದ್ವಾರ ಅದಕ್ಕೆ. ಒಳಗೆ ನುಗ್ಗಿ, ತಾಡಪಾಲನ್ನು ದ್ವಾರಕ್ಕೆ ಅಡ್ಡ ಹಿಡಿದು, ಕೈಗೆ ಸಿಕ್ಕ ಕಲ್ಲುಗಳನ್ನು ಅಂಚಿಗೆ ಹೇರಿದಳು. ಮೇಲಿನ ಬಿರುಕುಗಳಿಗೆ ಸೆರಗು ಹರಿದು ತುರುಕಿದಳು. ಒಳಗೆ ಸೇರಿಕೊಂಡಿದ್ದ ನಾಲ್ಕೈದು ಹುಳುಗಳನ್ನು ಚಪ್ಪಲಿಯಿಂದ ಹೊಡೆದಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಾಗ ಕತ್ತು, ಕೆನ್ನೆ, ಎಡಗೈ ಉರಿಯುತ್ತಿದ್ದವು. ತಾಡಪಾಲಿನ ಹೊರಗೆ ಹುಳುಗಳು ಮಳೆ ಬಿದ್ದಂತೆ ತಟತಟ ಬಡಿಯುತ್ತಿದ್ದವು.

ಕೈಯಲ್ಲಿದ್ದ ಸೆಟ್ಟು ಕೈಯಲ್ಲೇ ಇತ್ತು. ನೀರಿನ ಬಾಟಲಿ ಮತ್ತು ಬ್ಯಾಟರಿಯ ಚೀಲ ಬುರುಜಿನ ಹತ್ತಿರ ಉಳಿದಿದ್ದವು.

"ಉಷಾ ಅಕ್ಕ, ಏನಾಯ್ತು? ಹೇಳಿ" ಎಂದು ರಮ್ಯಳ ದನಿ ಒಡೆದೊಡೆದು ಬಂತು. ಕಲ್ಲಿನೊಳಗೆ ಸಿಗ್ನಲ್ ಕಡಿಮೆ. ಅವಳು ಕೋಣೆಯ ಮೂಲೆ ಮೂಲೆಗೆ ಹೋಗಿ ನೋಡಿದಳು. ನೈಋತ್ಯದ ಮೂಲೆಯಲ್ಲಿ ಗೋಡೆಯ ಕಲ್ಲು ಸರಿದು ಹೆಬ್ಬೆರಳಗಲ ಬಿರುಕಿತ್ತು. ಅಲ್ಲಿ ಸೆಟ್ಟು ಹಿಡಿದರೆ ಮಾತು ಹೊರಗೆ ಹೋಗುತ್ತಿತ್ತು.

"ಜೇನು ಎದ್ದೈತ್ರಿ. ಮೇಲೆ ಯಾರೂ ಹತ್ತಬ್ಯಾಡ್ರಿ. ಜೀಪಿನ ಗಾಜು ಏರಿಸ್ಕೊಂಡು, ತೆರೆದ ಜೀಪಿನವರು ಬಟ್ಟಿ ಮುಚ್ಚಿಕೊಂಡು, ಗುಡ್ಡದಿಂದ ದೂರ ಹೋಗ್ರಿ. ನಾನು ಒಳಗದೀನಿ. ಸರಿ ಅದೀನಿ."

ಕದಿರಪ್ಪನನ್ನು ಕರೆಸಿ ಸೆಟ್ಟಿನಲ್ಲಿ ಮಾತಾಡಿಸಿದರು. "ಎದ್ದಿದ್ದು ತಿರುಗಾ ಕೂರಬೇಕಾದ್ರೆ ಹೊತ್ತು ಮುಳುಗಬೇಕಮ್ಮ" ಎಂದ ಅವನು. "ಅಲ್ಲೀಗಂಟ ನೀನು ಆಚೆ ಬರಬ್ಯಾಡ. ನಾವು ಬಂದ್ರೆ ನಮ್ಮನ್ನೂ ಬಿಡಾಕಿಲ್ಲ ಅವು."

ಹೊತ್ತು ಮುಳುಗಲು ಇನ್ನೂ ಆರೂವರೆ ಗಂಟೆ ಇತ್ತು. ಸೆಟ್ಟಿನ ಮುಖದ ಮೇಲೆ ಬ್ಯಾಟರಿಯ ಗೆರೆ ಒಂದೇ ಒಂದು ಉಳಿದಿತ್ತು. ಬಾಡಿಗೆಗೆ ಬಂದ ಸೆಟ್ಟು. ಬೆಳಿಗ್ಗೆ ತುಂಬಿದೆ ಎಂದು ತೋರಿಸಿದ್ದು ಸುಳ್ಳು ಎಂಬುದು ಈಗ ತಿಳಿಯಿತು. ಹೀಗೇ ಹಚ್ಚಿಟ್ಟರೆ ಒಂದು ತಾಸು ಬಂದರೆ ಹೆಚ್ಚು.

ಏನು ಮಾಡಬೇಕೆಂದು ಅವಳಿಗೆ ತಕ್ಷಣವೇ ಗೊತ್ತಾಯಿತು. ಬೇರೆ ಯಾರಾದರೂ ಇದೇ ಪಾಡಿನಲ್ಲಿದ್ದರೆ ಅವಳು ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು: ಆರಿಸಿ ಇಡ್ರಿ, ಅರ್ಧ ಗಂಟೆಗೊಮ್ಮೆ ಮಾತ್ರ ಹಚ್ಚಿ. ತನ್ನ ಕೈಯಲ್ಲಿ ಅದನ್ನು ಮಾಡುವುದು ಮಾತ್ರ ಆಗಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಕೂತೇ ಇತ್ತು. ಆರಿಸಿದ ಕ್ಷಣವೇ ಯಾರಾದರೂ ಕೂಗಿದರೆ? ಮೂರು ಸಲ ಕೂಗಿ ಸುಮ್ಮನಾದರೆ? ಕೋಣೆಯ ಕತ್ತಲಲ್ಲಿ ಬೆವರು ಇಳಿಯುತ್ತಿತ್ತು, ಬಾಯಿ ಒಣಗಿತ್ತು, ಕೆನ್ನೆ ಊದಿ ಎಡಗಣ್ಣು ಅರ್ಧ ಮುಚ್ಚಿಕೊಂಡಿತ್ತು. ಅದ್ಯಾವುದೂ ಅವಳ ಗಮನದಲ್ಲಿರಲಿಲ್ಲ. ಆರಿಸಬೇಕಾದ ಆ ಒಂದು ಗುಂಡಿಯೇ ಅವಳನ್ನು ಹಿಡಿದುಹಾಕಿತ್ತು.

ಕೊನೆಗೆ ಬಿರುಕಿಗೆ ಸೆಟ್ಟು ಹಿಡಿದು ಹೇಳಿದಳು. "ಎಲ್ಲಾರೂ ಕೇಳ್ರಿ. ನನ್ನ ಬ್ಯಾಟರಿ ಮುಗೀತಾ ಬಂದೈತಿ. ಇನ್ನು ನಾನು ಗಂಟಿಗೆ ಎರಡು ಸಲ, ಐದೈದು ನಿಮಿಷ ಮಾತ್ರ ಇರ್ತೀನಿ. ನಡುವೆ ನಾನಿರಲ್ಲ. ಕೆರೆ ಏರಿ ತಿರುವಿನ್ಯಾಗ ಒಂದು ಜೀಪು ನಿಲ್ಲಬೇಕು, ದಿನವೆಲ್ಲ. ಯಾರು ನಿಲ್ತೀರಿ?"

ಯಾರೂ ಮಾತಾಡಲಿಲ್ಲ. ಅವಳು ಲೆಕ್ಕವಿಲ್ಲದಷ್ಟು ಸಲ ಕೇಳಿದ ಮೌನ ಅದು. ಗುಂಡಿಯ ಮೇಲೆ ಹೆಬ್ಬೆರಳು ಬಿಗಿಯಾಯಿತು.

"ಕಂಟ್ರೋಲ್ ಅಕ್ಕ, ನಾನು ವೆಂಕಟೇಶ" ಎಂದು ದನಿ ಬಂತು. "ನಾನು ನಿಲ್ತೀನಿ. ನೀವು ಆರಿಸ್ರಿ."

ಅವಳು ಆರಿಸಿದಳು.

ಮೊದಲ ಅರ್ಧ ಗಂಟೆ ಹೇಗೆ ಕಳೆಯಿತೆಂದು ಅವಳು ಆಮೇಲೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದಳು. ಕೈಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಹುಳುಗಳ ಗುಂಯ್‌ಗುಟ್ಟುವಿಕೆಯಲ್ಲಿ "ಕಂಟ್ರೋಲ್, ಕಂಟ್ರೋಲ್" ಎಂದು ಕೇಳಿಸಿದಂತಾಗಿ ಎರಡು ಸಲ ಸೆಟ್ಟು ಹಚ್ಚಿದಳು, ಏನೂ ಇಲ್ಲದೆ ಮತ್ತೆ ಆರಿಸಿದಳು. ಹನ್ನೆರಡೂವರೆಗೆ ಹಚ್ಚಿದಾಗ ವೆಂಕಟೇಶ್ ಹಾಜರಿ ತೆಗೆದುಕೊಳ್ಳುತ್ತಿದ್ದ. ನಾಲ್ಕೂ ತಂಡ ಓಗೊಟ್ಟವು. ಒಂದು ಗಂಟೆಗೂ ಅಷ್ಟೇ. ಒಂದೂವರೆಗೂ ಅಷ್ಟೇ. ಎರಡು ಗಂಟೆಗೆ ಹಚ್ಚಿದಾಗ ಅವಳು "ಕೇಳಿಸ್ತು" ಎಂದಷ್ಟೇ ಹೇಳಿದಳು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಆರಿಸಿ ಗೋಡೆಗೆ ತಲೆ ಆನಿಸಿದವಳಿಗೆ ನಿದ್ದೆ ಬಂದುಬಿಟ್ಟಿತು. ಜ್ವರದಂಥ ನಿದ್ದೆ. ಎಚ್ಚರಾದಾಗ ಮೂರಕ್ಕೆ ಹತ್ತು ನಿಮಿಷ ಇತ್ತು. ಎರಡೂವರೆಯ ಹಾಜರಿ ತಪ್ಪಿಹೋಗಿತ್ತು. ತಕ್ಷಣ ಬಿರುಕಿಗೆ ಸೆಟ್ಟು ಹಿಡಿದು ಹಚ್ಚಿ, "ವೆಂಕಟೇಶ್, ನಾನು ಮಲಗಿಬಿಟ್ಟೆ. ಏನಾರ ಆತಾ? ಖರೇ ಹೇಳು" ಎಂದಳು.

"ಆತ್ರಿ ಅಕ್ಕ" ಎಂದ ಅವನು. "ಡ್ರೋನು ಹಾರಿಸಿದ್ದವಗ ಭಾಳ ಕಡಿದಿದ್ವು. ಎರಡೂ ಹತ್ತಕ್ಕ ಉಸಿರು ಹಿಡಿದಂಗಾತು ಅಂದ. ಮೂರನೇ ತಂಡದವರು ಕರೆದ್ರು, ನನಗ ಕೇಳಿಸ್ತು, ನಾನು ರಮ್ಯಕ್ಕಗ ಹೇಳಿದೆ. ಗೋವರ್ಧನ್ ಸಾರು ಜೀಪಿನ್ಯಾಗ ಹಾಕ್ಕೊಂಡು ಹತ್ರದ ಆಸ್ಪತ್ರಿಗೆ ಹೋದ್ರು. ಇಂಜೆಕ್ಷನ್ ಕೊಟ್ಟಾರಂತ. ಈಗ ಕುಂತಾನಂತ."

ಅವಳು ಕೈಗಡಿಯಾರದ ಮೇಲೆ ಎರಡೂ ಹತ್ತರ ಜಾಗಕ್ಕೆ ಬೆರಳಿಟ್ಟು ನೋಡುತ್ತಾ ಕೂತಳು. ಬ್ಯಾಟರಿ ವ್ಯರ್ಥವಾಗುತ್ತಿತ್ತು.

"ಅಕ್ಕ, ಕೇಳಿಸ್ತಾ?"

"ಕೇಳಿಸ್ತು" ಎಂದು ಹೇಳಿ ಆರಿಸಿದಳು. ಆಮೇಲೆ ಆ ಕತ್ತಲಲ್ಲಿ, ಮುಖದ ಊತಕ್ಕೆ ಕಣ್ಣೀರು ತಗುಲಿ ಇನ್ನಷ್ಟು ಉರಿಯುತ್ತಿದ್ದರೂ, ತಡೆಯಲಾಗದೆ ಅತ್ತಳು. ಸಂತೋಷಕ್ಕೆ ಅತ್ತಳೆನ್ನುವ ಹಾಗಿಲ್ಲ. ಅವಳು ಮಲಗಿದ್ದಾಗ ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡಿದ್ದ, ಅವನ ಕೂಗನ್ನು ಬೇರೊಬ್ಬ ಕೇಳಿಸಿಕೊಂಡಿದ್ದ. ಹದಿನೇಳನೇ ಕಂಬದ ದಿನವೂ ಬೇರೊಬ್ಬನಿಗೆ ಕೇಳಿಸಿತ್ತು. ಆ ದಿನ ಅವನು ಸುಮ್ಮನಿದ್ದ. ಅವನ ಹೆಸರು ವಿಚಾರಣೆಯಲ್ಲಿ ಬರಲೇ ಇಲ್ಲ, ಅವನು ಯಾರೆಂದು ಅವಳು ಕೇಳಿರಲೂ ಇಲ್ಲ. ಎಲ್ಲರ ಪಾಲಿನ ಕೇಳುವಿಕೆಯನ್ನೂ ತಾನೊಬ್ಬಳೇ ಹೊತ್ತು ಆರು ವರ್ಷ ಕೂತಿದ್ದೆ ಎಂಬುದು ಮೊದಲ ಸಲ ಅವಳಿಗೆ ಕಂಡಿತು. ಕಂಡದ್ದರಿಂದ ಹಗುರವೇನೂ ಆಗಲಿಲ್ಲ. ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ ಎಂಬ ಸಿಟ್ಟು ಬಂತು, ಸಿಟ್ಟು ಮಾಡಲು ಎದುರಿಗೆ ಕಲ್ಲಿನ ಗೋಡೆ ಬಿಟ್ಟು ಯಾರೂ ಇರಲಿಲ್ಲ.

ಐದು ಗಂಟೆಗೆ ಸೆಟ್ಟಿನ ಬ್ಯಾಟರಿ ಪೂರ್ತಿ ಸತ್ತಿತು. ಹೊರಗಿನ ಬಡಿತ ನಿಧಾನಕ್ಕೆ ಕಡಿಮೆಯಾಗುತ್ತಾ ಬಂತು. ಬಿರುಕಿನಿಂದ ಬರುತ್ತಿದ್ದ ಬೆಳಕು ಕೆಂಪಗಾಗಿ, ಬೂದಿಯಾಗಿ, ಕೊನೆಗೆ ಇಲ್ಲವಾಯಿತು. ಆಗ ತಾಡಪಾಲಿನ ಆಚೆಯಿಂದ ಕೆಮ್ಮಿದ ಸದ್ದು ಕೇಳಿತು.

"ಕೂತವೆ ಕಣಮ್ಮ, ಬಾ" ಎಂದ ಕದಿರಪ್ಪ. ತಲೆಯಿಂದ ಮೊಣಕಾಲಿನವರೆಗೂ ಕಂಬಳಿ ಹೊದ್ದು, ಇನ್ನೊಂದು ಕಂಬಳಿಯನ್ನು ಅವಳಿಗೆ ಹೊದೆಸಿದ. ಬೆಳಕಿಗೆ ಹುಳು ಏಳುತ್ತವೆಂದು ಬ್ಯಾಟರಿ ದೀಪವನ್ನು ಹಚ್ಚಗೊಡಲಿಲ್ಲ. ಕತ್ತಲಲ್ಲೇ ಅವನ ಕಂಬಳಿಯ ಅಂಚು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಶಾಮಿಯಾನದಲ್ಲಿ ಎಲ್ಲರೂ ಎದ್ದು ನಿಂತರು. ಗೋವರ್ಧನ್ ಆಸ್ಪತ್ರೆಯಿಂದ ವಾಪಸು ಬಂದಿದ್ದ, ಕೈಯಲ್ಲಿ ಶಾಲು ಹಾರ ಹಿಡಿದಿದ್ದ. "ಅಕ್ಕ, ಮೊದಲು ವೇದಿಕೆ ಮೇಲೆ ಬನ್ನಿ."

"ಮೊದಲು ನೀರು ಕೊಡ್ರಿ" ಎಂದಳು ಉಷಾರಾಣಿ. "ಆಮೇಲೆ ಕಕ್ಕಸು ಎಲ್ಲೈತಿ ತೋರಸ್ರಿ."

ರಮ್ಯ ಅವಳನ್ನು ಕರೆದುಕೊಂಡು ಹೋದಳು. ವಾಪಸು ಬಂದಾಗ ಉಷಾರಾಣಿ ಶಾಲು ಹೊದೆಸಿಕೊಳ್ಳಲಿಲ್ಲ. ಕುರ್ಚಿಯೊಂದರ ಬೆನ್ನು ಹಿಡಿದು ನಿಂತು, ಊದಿದ ತುಟಿಯಲ್ಲಿ ಹೇಳಿದಳು: "ಮೇಲೆ ಇಬ್ಬರು ಬೇಕು ಅಂತ ಬರೆದಿದ್ದೆ. ಒಬ್ಬರೇ ಇದ್ದಾಗ ಅವರಿಗೇ ಏನಾರ ಆದ್ರ ಕೇಳೋರು ಯಾರು ಅಂತ ಬರೆದಿದ್ದೆ. ಮುಂದಿನ ಸಲ ಇಬ್ಬರಿಲ್ಲ ಅಂದ್ರ ನನ್ನ ಕರೀಬ್ಯಾಡ್ರಿ." ಹಿಂದೂಪುರದವನು ತಲೆ ತಗ್ಗಿಸಿ ತನ್ನ ಜೀಪಿನ ಟೈರು ನೋಡುತ್ತಿದ್ದ.

ಸೋಮವಾರ ಅವಳು ಡ್ಯೂಟಿಗೆ ಹೋದಳು. ಮುಖದ ಊತ ಇನ್ನೂ ಇಳಿದಿರಲಿಲ್ಲ. ಮ್ಯಾನೇಜರಿಗೆ ಒಂದು ಅರ್ಜಿ ಬರೆದುಕೊಟ್ಟಳು, ಕಂಟ್ರೋಲ್ ಕೋಣೆಗೆ ಹಗಲು ಇಬ್ಬರು ಬೇಕೆಂದು. ಅವನು ಓದಿ, "ಚೂದ್ದಾಂ ಅಮ್ಮಾ", ನೋಡೋಣ ಎಂದು ತೆಲುಗಿನಲ್ಲಿ ಹೇಳಿ ಡ್ರಾಯರಿಗೆ ಹಾಕಿದ. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಅರ್ಜಿ ಡ್ರಾಯರಿನಲ್ಲೇ ಇತ್ತು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮೊದಲಿನಂತೆಯೇ ಅವಳು ಕೂತಳು, ಅದೇ ಕೋಣೆ, ಅದೇ ತಗಡಿನ ಬಿಸಿ. ಕೂಗಿದವರಿಗೆ ಓಗೊಟ್ಟಳು. ಎಷ್ಟೋ ದಿನ, ರತ್ನಗಿರಿಯ ಕಲ್ಲಿನ ಕೋಣೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿಕೊಂಡಳು. ಅಲ್ಲಿ ಹೊತ್ತು ಮುಳುಗಿದರೆ ಬಿಡುಗಡೆ ಇತ್ತು.

ಮಾರ್ಚ್ ತಿಂಗಳಲ್ಲಿ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಟೆಕ್ನಿಷಿಯನ್ನುಗಳಿಗೆ ಅಡುಗೆ ಮಾಡಿಕೊಡುತ್ತಿದ್ದ ಸಂಧ್ಯಾ ಎಂಬಾಕೆ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಒಂದು ತಾಸು ಸುಮ್ಮನೆ ಕೂತಿರುತ್ತಿದ್ದಳು. ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಸೆಟ್ಟು ತೋರಿಸಿದಳು. ಹತ್ತಿದವನ ಹೆಸರು, ಕಂಬದ ನಂಬರು, ಸಮಯ. ಸಂಧ್ಯಾ ಹತ್ತನೇ ತರಗತಿ ಓದಿದ್ದಳು. ಎಂಟು ದಿನದಲ್ಲಿ ಕಲಿತಳು.

"ನನ್ನ ದನಿ ಅವ್ರಿಗೆ ತಿಳೀತೈತೇನ್ರಿ?" ಎಂದು ಕೇಳಿದಳು.

"ಕೇಳಿಸ್ತು ಅಂತ ಹೇಳು, ಸಾಕು. ತಿಳೀತೈತಿ."

ಸಂಧ್ಯಾಳನ್ನು ಒಬ್ಬಳೇ ಕೂರಿಸಿದ ಮೊದಲ ದಿನ, ಮಧ್ಯಾಹ್ನ ಒಂದಕ್ಕೆ, ಕಂಬಗಳ ಮೇಲೆ ಇಬ್ಬರಿದ್ದರು, ಅವರಲ್ಲಿ ವೆಂಕಟೇಶ್ ಒಬ್ಬ. ಉಷಾರಾಣಿ ಎದ್ದು, ಕೈಸೆಟ್ಟನ್ನು ಮೇಜಿನ ಮೇಲೆ ಇಟ್ಟು, ಬುತ್ತಿ ಹಿಡಿದು ಹೊರಗೆ ಹೋದಳು. ಅಂಗಳದ ಬೇವಿನ ಮರದ ಕೆಳಗೆ ವ್ಯಾನಿನ ಡ್ರೈವರುಗಳು ಊಟ ಮಾಡುತ್ತಿದ್ದರು. ಅವರು ಜಾಗ ಮಾಡಿಕೊಟ್ಟರು. ಒಬ್ಬ ಉಪ್ಪಿನಕಾಯಿ ನೀಡಿದ. ರೊಟ್ಟಿ ಮುರಿಯುವಾಗ ಅವಳ ಕಿವಿ ಕೋಣೆಯ ಬಾಗಿಲ ಕಡೆಗೇ ಇತ್ತು, ಅದನ್ನು ಈ ಕಡೆ ತಿರುಗಿಸಲು ಅವಳಿಂದ ಆಗಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಪೂರ್ತಿ ಊಟ ಮಾಡಿದಳು, ಎರಡು ಲೋಟ ನೀರು ಕುಡಿದಳು.

ಅರ್ಧ ಗಂಟೆ ಕಳೆದು ಒಳಗೆ ಬಂದಾಗ ಸಂಧ್ಯಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಪುಸ್ತಕದಲ್ಲಿ ಎರಡು ಸಾಲು ಬರೆದಿದ್ದಳು. ಒಂದರಲ್ಲಿ ಕಂಬದ ನಂಬರು ತಪ್ಪಿತ್ತು. ಉಷಾರಾಣಿ ಅದನ್ನು ತೋರಿಸಿದಳು. ಸಂಧ್ಯಾ ನಾಲಿಗೆ ಕಚ್ಚಿಕೊಂಡು ತಿದ್ದಿದಳು.

"ನಾಳೆ ಹನ್ನೆರಡೂವರೆಗೇ ಬಾ" ಎಂದಳು ಉಷಾರಾಣಿ.